ಇಂಜಿನ್ ಆಫ್ ಆದ ಮೇಲೂ ಕೇಳಿಸಿದ ಸದ್ದು

ನಮ್ಮ ಭಾವ ಗಾಡಿ ರಿಪೇರಿ ಮಾಡುವವರು. ಅಕ್ಕನ ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಅಷ್ಟು ವರ್ಷದಲ್ಲಿ ಅವರು ಮನುಷ್ಯರ ಮಾತು ಕೇಳಿದ್ದನ್ನು ನಾನು ಕಂಡಿಲ್ಲ. ಇಂಜಿನ್ ಹೇಳುವುದನ್ನು ಮಾತ್ರ ಕೇಳುತ್ತಿದ್ದರು. ಓಡುತ್ತಿರುವ ಇಂಜಿನ್ನಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಬಲಗಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುವರು. ಸುತ್ತ ಯಾರೂ ಉಸಿರೆತ್ತುವ ಹಾಗಿಲ್ಲ. ಅರ್ಧ ನಿಮಿಷದ ನಂತರ ಕಣ್ಣು ಬಿಟ್ಟು, ಇಂಥ ಬೇರಿಂಗ್ ಹೋಗಿದೆ, ಇಂಥ ವಾಲ್ವು ಸಡಿಲವಾಗಿದೆ ಎಂದು ಹೇಳುವರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು.

ಹೊಗಳಿಕೆ ಅಂದುಕೊಳ್ಳಬೇಡಿ, ಹೊಗಳಿ ನನಗೇನೂ ಆಗಬೇಕಾಗಿಲ್ಲ. ನಾನು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತೇನೆ. ಒಮ್ಮೆ ದಾರಿಯಲ್ಲಿ ವ್ಯಾನು ಕಿರುಗುಟ್ಟಿದಾಗ ಭಾವನಿಗೆ ಫೋನ್ ಮಾಡಿದೆ. "ಫೋನನ್ನ ಬಾನೆಟ್ ಹತ್ರ ಹಿಡಿ" ಅಂದರು. ಹಿಡಿದೆ. "ನೀರಿನ ಪಂಪು. ಮೆಲ್ಲಗೆ ಮನೆಗೆ ಬಾ" ಅಂದು ಇಟ್ಟರು. ಅವರ ಬೀದಿಯಲ್ಲಿ ಇನ್ನೆರಡು ಗ್ಯಾರೇಜುಗಳಿವೆ, ಗಾಡಿಗೆ ವೈರು ಚುಚ್ಚಿ ಪರದೆಯ ಮೇಲೆ ರೋಗ ತೋರಿಸುವ ಯಂತ್ರ ಇಟ್ಟುಕೊಂಡಿವೆ. ಆ ಯಂತ್ರಕ್ಕೂ ತಿಳಿಯದಿದ್ದಾಗ ಗಾಡಿಯನ್ನು ಭಾವನ ಶೆಡ್ಡಿಗೇ ತಳ್ಳಿಕೊಂಡು ಬರುತ್ತಿದ್ದರು. ಬೀದಿಯವರೆಲ್ಲ ಅವರನ್ನು ಕಿವಿಮೇಸ್ತ್ರಿ ಎಂದೇ ಕರೆಯುವುದು. ಅವರ ಆಸ್ತಿ ಎಂದರೆ ಆ ಕಿವಿ. ಶೆಡ್ಡು ಬಾಡಿಗೆಯದು.

ಬಾನೆಟ್ಟಿನ ಮೇಲೆ ಬಗ್ಗಿ ಬಗ್ಗಿ ಒಂಬತ್ತು ವರ್ಷದ ಹಿಂದೆ ಅವರ ಬೆನ್ನು ಹಿಡಿದುಕೊಂಡಿತು. ಬಗ್ಗಿದವರು ಏಳಲಾಗಲಿಲ್ಲ. ಬಗ್ಗಿದ ಹಾಗೇ ಎತ್ತಿ ನನ್ನ ವ್ಯಾನಿನಲ್ಲಿ ಮಕ್ಕಳ ಸೀಟಿನ ನಡುವೆ ಕೂರಿಸಿ ಕ್ಲಿನಿಕ್ಕಿಗೆ ಒಯ್ದೆ. ಡಾಕ್ಟರು ನೋವಿನ ಮಾತ್ರೆ ಬರೆದು, ಹತ್ತು ದಿನ, ಊಟವಾದ ಮೇಲೆ, ಮುಗಿದ ಕೂಡಲೇ ಮತ್ತೆ ಬನ್ನಿ ಅಂದರು. ಮೂರನೇ ದಿನಕ್ಕೆ ಭಾವ ಗೇರ್‌ಬಾಕ್ಸ್ ಎತ್ತುತ್ತಿದ್ದರು. ಮತ್ತೆ ಹೋಗುವ ಮಾತು ತೆಗೆದರೆ, "ಓಡ್ತಿರೋ ಗಾಡೀನ ಯಾರಾದ್ರೂ ಗ್ಯಾರೇಜಿಗೆ ತರ್ತಾರಾ?" ಎಂದು ನನ್ನ ಬಾಯಿ ಮುಚ್ಚಿಸಿದರು. ಇದೇ ಮನುಷ್ಯ, ಮೀಟರಿನಲ್ಲಿ ಕೆಂಪು ದೀಪ ಉರಿಯುತ್ತಿದೆ ಎಂದು ಅದರ ಮೇಲೆ ಟೇಪು ಅಂಟಿಸಿಕೊಂಡು ಬಂದ ಗಿರಾಕಿಯನ್ನು ಬೀದಿಗೆಲ್ಲ ಕೇಳುವಂತೆ ಬೈದವರು.

ಆ ಚೀಟಿ ಗ್ರೀಸ್ ಮೆತ್ತಿ ಹರಿಯತೊಡಗಿದಾಗ ಭಾವ ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಟ್ ಮಾಡಿಸಿದರು. ತಮಾಷೆಯಲ್ಲ, ನಿಜ. ಡಾಕ್ಟರ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ, ಶೆಡ್ಡಿನ ಲೈಸೆನ್ಸಿನ ಪಕ್ಕದ ಮೊಳೆಗೆ ನೇತುಹಾಕಿದರು. ಹತ್ತು ದಿನ ಎಂದು ಬರೆದದ್ದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಔಷಧಿ ಅಂಗಡಿಯವನಾದರೂ ಓದಬೇಕಿತ್ತು. ಅವನೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು. ಪ್ಲಾಸ್ಟಿಕ್ ಹೊಳೆದರೆ ಸಾಕು, ಪಟ್ಟಿಗಟ್ಟಲೆ ಮಾತ್ರೆ ತೆಗೆದು ಇಡುತ್ತಿದ್ದ. ಕೆಲವು ವರ್ಷ ಕಳೆದ ಮೇಲೆ ಚೀಟಿ ತೋರಿಸುವುದೂ ಬೇಕಾಗಲಿಲ್ಲ, ಭಾವನ ಮುಖವೇ ಚೀಟಿಯಾಯಿತು.

ಮಾತ್ರೆಗಳು ಸ್ಪ್ಯಾನರ್ ಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ, ವಾಷರುಗಳ ಪಕ್ಕದ ಗೂಡಿನಲ್ಲಿರುತ್ತಿದ್ದವು. ಮೊದಲು ಬೆಳಿಗ್ಗೆ ಒಂದು, ಸಂಜೆ ಒಂದು. ಆಮೇಲೆ ಮಧ್ಯಾಹ್ನವೂ ಒಂದು. ಕೊನೆಕೊನೆಗೆ ಪ್ರತಿ ಬಾನೆಟ್ ಎತ್ತುವ ಮುಂಚೆ ಒಂದು. ಅಕ್ಕ ಕೇಳಿದರೆ, "ಕುಡಿಯಲ್ಲ, ಸೇದಲ್ಲ, ಇದೊಂದು ನುಂಗಿದ್ರೆ ನಿಂಗೇನು ಕಷ್ಟ?" ಅನ್ನುವರು. ಊಟ ಸೇರುತ್ತಿರಲಿಲ್ಲ, ಎದೆ ಉರಿ, ಮನೆಯ ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಕಡೆ ನಿಲ್ಲಬೇಕು, ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿದರು. ವಯಸ್ಸು ಪಾಪ ಬಾಯಿ ಬಿಟ್ಟು ಇಲ್ಲ ಅನ್ನಲಾರದು.

ಕಳೆದ ವರ್ಷದಿಂದ ಭಾವನಿಗೆ ಪ್ರತಿ ಗಾಡಿಯಲ್ಲೂ ಒಂದೇ ರೋಗ ಕಾಣತೊಡಗಿತು. ಸಣ್ಣಗೆ, ಎಳೆದಂತೆ, ಕುಯ್ ಎನ್ನುವ ಸದ್ದು. ನಿವೃತ್ತ ಮೇಷ್ಟರೊಬ್ಬರ ಕಾರಿನಲ್ಲಿ ಕೇಳಿಸಿತು, ಡೈನಮೋ ಬಿಚ್ಚಿದರು. ಏನೂ ಆಗಿರಲಿಲ್ಲ. ಆದರೂ ಹೊಸ ಬೇರಿಂಗ್ ಹಾಕಿ ಮುಚ್ಚಿದರು. ಸದ್ದು ಹೋಗಲಿಲ್ಲ. ಗೇರ್‌ಬಾಕ್ಸ್ ಇಳಿಸಿದರು. ಹಾಲಿನ ಲಾರಿಯಲ್ಲಿ ಕೇಳಿಸಿತು, ಬೇಕರಿಯವನ ಮೂರು ಚಕ್ರದ ಗಾಡಿಯಲ್ಲಿ ಕೇಳಿಸಿತು. ಹೊಸ ಗಾಡಿಯಲ್ಲೂ ಕೇಳಿಸಿದಾಗ, "ಈಗಿನ ಕಂಪನಿಯೋರು ಕಬ್ಬಿಣಾನೇ ಸರಿಯಾಗಿ ಎರಕ ಹೊಯ್ಯಲ್ಲ" ಅಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಕಿವಿಗೂ ಹಾಗೇ ಆಗಬಹುದೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುವ ಗಂಡೆದೆ ಯಾರಿಗಿತ್ತು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಹತ್ತಿರ ನಾಲ್ಕನೆಯ ಕಾಲಿನ ಮಾತು ಎತ್ತುವವರಾರು?

ಆಗ ಬಂದವನು ಟ್ಯಾಕ್ಸಿಯವನು. ಸ್ವಂತದ ಒಂದು ಬಿಳಿ ಕಾರು, ಅದರಿಂದಲೇ ಮನೆ ನಡೆಯಬೇಕು. ಹನ್ನೊಂದು ವರ್ಷದಿಂದ ಭಾವನ ಕೈ ಬಿಟ್ಟು ಬೇರೆ ಕೈಗೆ ಅದನ್ನು ಕೊಟ್ಟವನಲ್ಲ. ಎಣ್ಣೆ ಬದಲಿಸಲು ಬಂದಿದ್ದ. ಭಾವ ರೂಢಿಯಂತೆ ಕಿವಿಗೊಟ್ಟು ಕೇಳಿದರು. ಎರಡು ಸಲ ಬಿಚ್ಚಿ ಎರಡು ಸಲ ಮುಚ್ಚಿದರು. ಮೂರನೆಯ ಸಲ ತಲೆ ಅಲ್ಲಾಡಿಸಿ, "ಕ್ರ್ಯಾಂಕಿಗೇ ಬಂದಿದೆ ಕಣಯ್ಯ, ಇಂಜಿನ್ನಿನ ಬೆನ್ನೆಲುಬಿಗೇ. ಎರಡು ತಿಂಗಳು ಬಾಳಿದ್ರೆ ಹೆಚ್ಚು. ದಾರೀಲಿ ಗಿರಾಕಿ ಕೂತಿರುವಾಗ ಹಿಡ್ಕೊಳ್ತದೆ. ಸಿಕ್ಕಿದ ಬೆಲೆಗೆ ಕೊಟ್ಬಿಡು" ಅಂದರು. ಟ್ಯಾಕ್ಸಿಯವನು ಕಾರಿನ ನೆತ್ತಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದ. "ಸರಿ ಮೇಸ್ತ್ರಿ" ಅಂದ. ಆ ವಾರವೇ ಮಾರಿದ. ಈಗ ಇನ್ನೊಬ್ಬರ ಕಾರನ್ನು ಸಂಬಳಕ್ಕೆ ಓಡಿಸುತ್ತಾನೆ.

ಆಮೇಲಿನ ಸರದಿ ನನ್ನ ವ್ಯಾನಿನದು. ಸಾಲಾಗಿ ಮೂರು ಶನಿವಾರ ಬಿಚ್ಚಿದರು. ಅಕ್ಕನ ಗಂಡ ಎಂದು ಸುಮ್ಮನಿದ್ದೆ. ನಾಲ್ಕನೆಯ ಶನಿವಾರ ಮಧ್ಯಾಹ್ನ ಶೆಡ್ಡಿನಲ್ಲಿ ನಾವಿಬ್ಬರೇ. ನಾನು ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದೆ. ಭಾವ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು, ಬಗ್ಗಿ, ಸ್ಕ್ರೂಡ್ರೈವರ್ ಆನಿಸಿ, ಕಣ್ಣು ಮುಚ್ಚಿದರು.

"ಆಯ್ತು, ಆಫ್ ಮಾಡು" ಅಂದರು.

ಆಫ್ ಮಾಡಿ, ಕೀಲಿ ತೆಗೆದುಕೊಂಡು, ಇಳಿದು ಅವರ ಪಕ್ಕಕ್ಕೆ ಬಂದೆ. ಅವರು ಕಣ್ಣು ಬಿಟ್ಟಿರಲಿಲ್ಲ.

"ಆಫ್ ಮಾಡೋ ಅಂದ್ನಲ್ಲ."

"ಮಾಡಿದೀನಿ ಭಾವ."

"ಸುಳ್ಳು ಹೇಳ್ಬೇಡ. ಓಡ್ತಿದೆ. ಕುಯ್ ಅಂತಿದೆ, ಇಲ್ಲೇ ಇದೆ."

ನಾನು ಕೀಲಿಯನ್ನು ಅವರ ಅಂಗೈಗೆ ಹಾಕಿದೆ. ಅವರು ಕಣ್ಣು ತೆರೆದರು. ಕೀಲಿ ನೋಡಿದರು, ಇಂಜಿನ್ ಮೇಲೆ ಕೈಯಿಟ್ಟು ನೋಡಿದರು. ಅದು ಅಲುಗುತ್ತಿರಲಿಲ್ಲ. ಸ್ಕ್ರೂಡ್ರೈವರನ್ನು ಎಡಗಿವಿಗೆ ಆನಿಸಿದರು, ಆಮೇಲೆ ಕೆಳಗಿಟ್ಟು ಬರೀ ಕಿವಿಯಲ್ಲಿ ಕೇಳಿದರು. ಎರಡು ಕಿವಿಯನ್ನೂ ಅಂಗೈಯಿಂದ ಮುಚ್ಚಿ ಮತ್ತೆ ಕೇಳಿದರು. ಹೋಗಿ ಹಳೆಯ ಟೈರಿನ ಮೇಲೆ ಕೂತರು. ಇಪ್ಪತ್ತಾರು ವರ್ಷದಲ್ಲಿ ಆ ಮುಖದಲ್ಲಿ ಸಿಟ್ಟು ನೋಡಿದ್ದೆ, ಗರ್ವ ನೋಡಿದ್ದೆ. ಹೆದರಿಕೆ ನೋಡಿದ್ದು ಅದೇ ಮೊದಲು.

"ಯಾರಿಗೂ ಹೇಳ್ಬೇಡ" ಅಂದರು.

ಸಂಜೆಗೆ ಅಕ್ಕನಿಗೆ ಹೇಳಿದೆ. ಇಂಥ ಗುಟ್ಟು ಉಳಿಸಿಕೊಂಡು ನನಗೆ ಯಾವ ಪದವಿಯೂ ಬೇಡ.

ಎರಡೇ ದಿನದಲ್ಲಿ ಅಕ್ಕ ಹಟ ಹಿಡಿದು ಅವರನ್ನು ನನ್ನ ವ್ಯಾನಿಗೆ ಹತ್ತಿಸಿದಳು. ದೊಡ್ಡಾಸ್ಪತ್ರೆಯ ಕಿವಿ ಡಾಕ್ಟರು ಹೆಣ್ಣುಮಗಳು, ಭಾವನಿಗೆ ಮಗಳಾಗುವಷ್ಟು ವಯಸ್ಸಿರಬಹುದು. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡಿದರು. ಆಮೇಲೆ, "ಯಾವುದಾದ್ರೂ ಔಷಧಿ ತಗೋತಿದೀರಾ?" ಎಂದು ಕೇಳಿದರು.

"ಏನೂ ಇಲ್ಲ" ಅಂದರು ಭಾವ.

ಅಕ್ಕ ಚೀಲಕ್ಕೆ ಕೈ ಹಾಕಿ, ಮೊಳೆಯಿಂದ ಬಿಡಿಸಿ ತಂದಿದ್ದ ಪ್ಲಾಸ್ಟಿಕ್ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಅದು ಔಷಧಿ ಅಲ್ಲ ಡಾಕ್ಟ್ರೇ, ಬೆನ್ನಿನ ಮಾತ್ರೆ" ಅಂದರು ಭಾವ. ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದರು.

ಡಾಕ್ಟರು ಚೀಟಿ ತಿರುಗಿಸಿ ನೋಡಿದರು, ತಾರೀಖು ನೋಡಿದರು. "ದಿನಕ್ಕೆ ಎಷ್ಟು?"

"ಎರಡು, ಮೂರು."

"ಹತ್ತು" ಅಂದಳು ಅಕ್ಕ. "ಪಟ್ಟಿ ಗುಡಿಸಿ ಎಸೆಯೋಳು ನಾನು."

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಭಾವ ಎದ್ದು ಬಂದುಬಿಡುತ್ತಿದ್ದರು. ಈ ಜಾತಿಯ ಮಾತ್ರೆ ಅಳತೆ ಮೀರಿದರೆ ಕಿವಿಯಲ್ಲಿ ಹೀಗೆ ಸದ್ದು ಹುಟ್ಟುವುದುಂಟು ಎಂದು ಬಿಡಿಸಿ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿದರು. ಮೈಯಲ್ಲಿ ಇರಬೇಕಾದದ್ದಕ್ಕಿಂತ ರಕ್ತ ಬಹಳ ಕಡಿಮೆಯಿತ್ತು. ಮೂತ್ರಪಿಂಡ ಇನ್ನೂ ಕೈಕೊಟ್ಟಿರಲಿಲ್ಲ, ಆದರೆ ಸುಸ್ತಾಗಿತ್ತು. ಹೊಟ್ಟೆಯೊಳಗೆ ಹುಣ್ಣಾಗಿ ದಿನವೂ ಸ್ವಲ್ಪಸ್ವಲ್ಪ ರಕ್ತ ಹೋಗುತ್ತಿರಬೇಕು ಅಂದರು. ಭಾವನಿಗೆ ಅದು ಮಾತ್ರ ಸರಿಯಾಗಿ ಅರ್ಥವಾಯಿತು. "ಆಯಿಲ್ ಲೀಕು" ಎಂದು ನನ್ನ ಕಡೆ ನೋಡಿ ಹೇಳಿದರು.

ಕೊನೆಗೆ ಕೇಳಿದರು, "ಕಿವಿ ವಾಪಸ್ ಬರುತ್ತಾ?"

"ಈ ಮಾತ್ರೆ ಇವತ್ತಿಂದ ಬಂದ್. ಅದರಿಂದಾನೇ ಆಗಿದ್ರೆ ಸದ್ದು ಸಾಮಾನ್ಯವಾಗಿ ಹೋಗುತ್ತೆ. ಆದ್ರೆ ಗ್ಯಾರಂಟಿ ಕಾರ್ಡ್ ಕೊಡಲ್ಲ ನಾನು."

"ಮತ್ತೆ ಬೆನ್ನು?"

"ಬೆನ್ನಿಗೆ ಬೇರೆ ದಾರಿ ಇದೆ. ಸ್ವಲ್ಪ ಉದ್ದದ್ದು."

ನಾನು ಬಿ.ಪಿ. ಮಾತ್ರೆಯವನು. ಇದನ್ನೆಲ್ಲ ಕೇಳಿ ಹೆದರಿ, ನನ್ನದನ್ನೂ ನಿಲ್ಲಿಸಿಬಿಡಲೇ ಎಂದು ಕೇಳಿದೆ. ಅಷ್ಟು ಹೊತ್ತು ಸಮಾಧಾನದಿಂದಿದ್ದ ಡಾಕ್ಟರಿಗೆ ಆಗ ಸಿಟ್ಟು ಬಂತು. "ನಿಮ್ಮದನ್ನ ನೀವೇ ನಿಲ್ಲಿಸಿದ್ರೆ ಮುಂದಿನ ಸಲ ನಡ್ಕೊಂಡು ಬರಲ್ಲ, ನಿಮ್ಮನ್ನ ಎತ್ಕೊಂಡು ಬರ್ತಾರೆ. ಮಾತ್ರೆ ತಪ್ಪಲ್ಲ. ಕೇಳದೆ ನುಂಗೋದು ತಪ್ಪು, ಕೇಳದೆ ಬಿಡೋದೂ ಅಷ್ಟೇ ತಪ್ಪು" ಅಂದರು.

ಹೊಟ್ಟೆಯ ಹುಣ್ಣಿಗೆ, ರಕ್ತಕ್ಕೆ ಎಂದು ಲೆಕ್ಕವಿಟ್ಟು ಕೆಲವು ವಾರದ ಔಷಧಿ ಕೊಟ್ಟರು. ಬೆನ್ನಿಗೆ ವ್ಯಾಯಾಮ ಹೇಳಿಕೊಡುವವರ ಹತ್ತಿರ ಕಳಿಸಿದರು. ಭಾವ ಅವರಿಗೆ ಕಸರತ್ತಿನ ಮೇಷ್ಟ್ರು ಎಂದು ಹೆಸರಿಟ್ಟರು. ಈ ಮೇಷ್ಟ್ರು ಮಾಡಿದ ಮೊದಲ ಕೆಲಸ ನನಗೆ ಹಿಡಿಸಿತು. ನೇರ ಶೆಡ್ಡಿಗೆ ಬಂದು ಒಂದು ಸ್ಟೂಲಿನ ಮೇಲೆ ಕೂತು, ಭಾವ ಕೆಲಸ ಮಾಡುವುದನ್ನು ಅರ್ಧ ದಿನ ಸುಮ್ಮನೆ ನೋಡಿದರು. ಭಾವ ಇಂಜಿನ್ ನೋಡುವ ಹಾಗೆಯೇ. ಆಮೇಲೆ ಹೇಳಿದರು: ನಿಮ್ಮ ಎತ್ತರಕ್ಕೆ ಗಾಡಿ ತಗ್ಗಾಯಿತು, ಮುಂದಿನ ಗಾಲಿಯನ್ನು ಹಲಗೆಯ ಮೇಲೆ ಹತ್ತಿಸಿ. ಬಗ್ಗುವಾಗ ಒಂದು ಕಾಲನ್ನು ಮರದ ತುಂಡಿನ ಮೇಲಿಡಿ, ಸೊಂಟದಿಂದ ಬಗ್ಗಿ, ಬೆನ್ನಿನಿಂದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಬೆಳಿಗ್ಗೆ ಸಂಜೆ ನೆಲದ ಮೇಲೆ ಅರ್ಧರ್ಧ ಗಂಟೆ ವ್ಯಾಯಾಮ.

"ಮಾತ್ರೆ ಒಂದು ಗುಟುಕು ನೀರು ಕೇಳ್ತಿತ್ತು. ನೀವು ದಿನಕ್ಕೆ ಒಂದು ಗಂಟೆ ಕೇಳ್ತಿದೀರಲ್ಲ" ಅಂದರು ಭಾವ.

"ಅದು ಏನು ಕೇಳ್ತಿತ್ತು ಅಂತ ರಕ್ತದ ರಿಪೋರ್ಟಲ್ಲಿ ಇದೆಯಲ್ಲ" ಅಂದರು ಮೇಷ್ಟ್ರು.

ಮೊದಲ ಎರಡು ವಾರ ನರಕ. ಒಂಬತ್ತು ವರ್ಷ ಅದುಮಿಟ್ಟ ನೋವು ಒಟ್ಟಿಗೇ ಎದ್ದು ಬಂತು. ಮಗ್ಗುಲು ಬದಲಿಸಲು ಮಂಚದ ಪಟ್ಟಿ ಹಿಡಿಯಬೇಕು. ಅಕ್ಕ ಬಿಸಿನೀರಿನ ಚೀಲ ಹಿಡಿದು ಕೂರುವಳು, ಅದಕ್ಕೂ ಬೈಗುಳ. ನನ್ನ ಕಡೆ ಒಮ್ಮೆ ಸ್ಪ್ಯಾನರ್ ಬೀಸಿ ಎಸೆದರು, ಗುರಿ ತಪ್ಪಿದ್ದು ನನ್ನ ಪುಣ್ಯ. ಸದ್ದೂ ಹೋಗಿರಲಿಲ್ಲ. ನೋವೂ ಇದೆ, ಸದ್ದೂ ಇದೆ, ಮತ್ತೆ ಯಾವ ಸುಖಕ್ಕೆ ಇದು ಎಂದು ಔಷಧಿ ಅಂಗಡಿಗೆ ಹೊರಟೇಬಿಟ್ಟಿದ್ದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಹೋಗ್ರೀ, ತಗೊಂಡು ಬನ್ನಿ. ಆದ್ರೆ ಇವತ್ತಿಂದ ಗಾಡಿ ಮುಟ್ಬೇಡಿ. ಕಿವಿ ಇಲ್ಲದೋರು ಜನರ ಗಾಡಿ ಬಿಚ್ಚೋದು ಬೇಡ" ಅಂದಳು. ಭಾವ ಚಪ್ಪಲಿ ಬಿಟ್ಟು ಒಳಗೆ ಬಂದರು.

ಅವತ್ತಿನಿಂದ ಸೋಫಾ ಪಕ್ಕಕ್ಕೆ ಎಳೆದು, ನೆಲಕ್ಕೆ ಎರಡು ಚಾಪೆ ಹಾಸಿ, ಅಕ್ಕನೂ ಅವರ ಜೊತೆ ವ್ಯಾಯಾಮಕ್ಕೆ ಮಲಗಿದಳು. ಒಬ್ಬರನ್ನೇ ಬಿಟ್ಟರೆ ಮೈಗಳ್ಳತನ ಮಾಡುತ್ತಾರೆಂದು ಅವಳಿಗೆ ಗೊತ್ತು. ಮೊದಮೊದಲು ಭಾವ ಬೆನ್ನ ಮೇಲೆ ಬಿದ್ದ ಜಿರಳೆಯ ಹಾಗೆ ಕೈಕಾಲು ಆಡಿಸುತ್ತಿದ್ದರು. ನಾನು ನಕ್ಕಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಕೆಲಸ ಅರ್ಧಕ್ಕೆ ಇಳಿಯಿತು. ಉಳಿದರ್ಧ ಯಂತ್ರವಿರುವ ಗ್ಯಾರೇಜಿನ ಪಾಲಾಯಿತು. ಅದಕ್ಕೆ ಅವರು ಕೊರಗಿದರು. ಆದರೂ ಪ್ರತಿ ಇಪ್ಪತ್ತು ನಿಮಿಷಕ್ಕೆ ಬೀದಿಯ ಕೊನೆಯವರೆಗೆ ನಡೆದರು. ಅಲ್ಲಿನ ಹೂವಿನ ಅಂಗಡಿಯವಳು, ಮೇಸ್ತ್ರಿ ಯಾರದೋ ಬಾಕಿ ವಸೂಲಿಗೆ ಅಲೆಯುತ್ತಿದ್ದಾರೆ ಎಂದುಕೊಂಡಿದ್ದಳಂತೆ.

ಒಂದು ತಿಂಗಳಾಗುತ್ತ ಬಂದಿತ್ತು. ಒಂದು ಬೆಳಿಗ್ಗೆ ಚಾಪೆಯ ಮೇಲೆ ಮಲಗಿ ಮೊಣಕಾಲು ಎದೆಗೆ ಎಳೆದುಕೊಂಡಿದ್ದವರು ವ್ಯಾಯಾಮ ಅಲ್ಲಿಗೇ ನಿಲ್ಲಿಸಿಬಿಟ್ಟರಂತೆ. ಅಡುಗೆಮನೆಯ ಕಡೆ ತಿರುಗಿ, "ಫ್ರಿಜ್ಜಿನ ಕಾಲಿನ ರಬ್ಬರ್ ಹೋಗಿದೆ. ನಡುಗ್ತಿದೆ ಅದು" ಅಂದರಂತೆ.

"ಅದು ಹೋಗಿ ವರ್ಷ ಆಯ್ತು" ಅಂದಳಂತೆ ಅಕ್ಕ. ಅಂದವಳೇ ಅಳತೊಡಗಿದಳು. ಎಷ್ಟು ಅತ್ತಳೆಂದರೆ ನನಗೆ ಫೋನಿನಲ್ಲಿ ಹೇಳುವಾಗಲೂ ಅಳುತ್ತಿದ್ದಳು.

ಕಿವಿ ಪೂರ್ತಿ ವಾಪಸು ಬರಲಿಲ್ಲ. ಎಡಗಿವಿಯಲ್ಲಿ ಸಣ್ಣಗೊಂದು ಎಳೆ ಉಳಿದಿದೆ, ಅದು ಇರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಬಲಗಿವಿ ಮಾತ್ರ ಮೊದಲಿನಂತೆಯೇ ಆಯಿತು. ಬೆನ್ನಿನ ನೋವೂ ಹೋಗಿಲ್ಲ. ತಗ್ಗಿದೆ, ಇವರ ಜೊತೆ ಹೊಂದಿಕೊಂಡಿದೆ. ಅಕ್ಕನ ಫೋನು ಬಂದ ದಿನ ನಾನು ಖುಷಿಯಲ್ಲಿ ಅವರ ಮನೆಗೆ ಓಡಿದರೆ, ಭಾವ ಸೋಫಾದ ಮೇಲೆ ಮುಖ ಕೆಳಗೆ ಹಾಕಿ ಕೂತಿದ್ದರು.

"ನಿನ್ನ ವ್ಯಾನು ಚೆನ್ನಾಗಿತ್ತು" ಅಂದರು. "ಆ ರಿಟೈರ್ಡ್ ಮೇಷ್ಟ್ರ ಕಾರೂ ಚೆನ್ನಾಗಿತ್ತು. ಹಾಲಿನ ಲಾರಿ, ಎಲ್ಲಾ ಚೆನ್ನಾಗಿದ್ವು." ಕೊನೆಗೆ, "ಟ್ಯಾಕ್ಸಿಯವನದೂ ಚೆನ್ನಾಗಿತ್ತು" ಅಂದರು.

ಉಳಿದವರ ಗಾಡಿ ಉಳಿದವರ ಹತ್ತಿರವೇ ಇತ್ತು. ಇವನದು ಹೋಗಿತ್ತು.

ಮರುದಿನ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಟ್ಯಾಕ್ಸಿ ನಿಲ್ಲುವ ಜಾಗಕ್ಕೆ ಹೋದೆ. ಅವನು ಇನ್ನೊಬ್ಬರ ಕಾರಿನ ಗಾಜು ಒರೆಸುತ್ತಿದ್ದ. ಭಾವನನ್ನು ಕಂಡು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಭಾವ ಸುತ್ತಿ ಬಳಸಿ ಮಾತಾಡುವವರಲ್ಲ.

"ನಿನ್ನ ಗಾಡಿಗೆ ಏನೂ ಆಗಿರ್ಲಿಲ್ಲ. ಸದ್ದು ನನ್ನ ಕಿವೀಲಿತ್ತು. ನೋವಿಗೆ ಮಾತ್ರೆ ನುಂಗಿ ನುಂಗಿ ಹಾಗಾಗಿತ್ತು. ತಪ್ಪಾಯ್ತು ಕಣಯ್ಯ" ಅಂದರು. ಆ ಬಾಯಿಂದ ತಪ್ಪಾಯಿತು ಎನ್ನುವ ಮಾತು ಬಂದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಟ್ಯಾಕ್ಸಿಯವನು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನಂಗೆ ಅವತ್ತೇ ಗೊತ್ತಿತ್ತು ಮೇಸ್ತ್ರಿ" ಅಂದ. "ನಂಗೇನೂ ಕೇಳಿಸ್ತಿರ್ಲಿಲ್ಲ. ಹನ್ನೊಂದು ವರ್ಷ ದಿನಾ ಕೂತು ಓಡಿಸಿದ ಗಾಡಿ, ಅದರ ಸದ್ದು ನಂಗೆ ಗೊತ್ತಿರಲ್ವಾ? ಆದ್ರೆ ಹೇಳೋರು ನೀವು. ನಿಮ್ಮ ಮುಂದೆ ನನ್ನ ಕಿವಿ ಎಷ್ಟರದು ಅಂತ ಸುಮ್ನಾದೆ."

ಭಾವ ಅವನ ಮುಖವನ್ನೇ ನೋಡುತ್ತ ನಿಂತರು. ಅವನಿಗೆ ಬಾಡಿಗೆ ಬಂತು, ಹೋದ. ಭಾವ ವ್ಯಾನಿಗೆ ಹತ್ತಿ ಕೂತರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಬರೀ ಮಾನವಲ್ಲ, ಒಬ್ಬನ ಅನ್ನ.

ಈಗ ಭಾವ ಅವನಿಗೆ ಹಳೆಯದೊಂದು ಕಾರು ಹುಡುಕುತ್ತಿದ್ದಾರೆ. ಸಿಕ್ಕರೆ ಕೈಯಾರೆ ಸರಿಮಾಡಿ ಕೊಡುತ್ತೇನೆ ಎಂದಿದ್ದಾರೆ. ಅವನು ಬೇಕು ಅಂದಿಲ್ಲ, ಬೇಡ ಅಂದಿಲ್ಲ. ಶೆಡ್ಡಿನಲ್ಲೂ ಒಂದು ಕ್ರಮ ಬದಲಾಗಿದೆ. ಗಾಡಿ ಬಂದರೆ ಭಾವ ಮೊದಲು ತಾವು ಕೇಳುವುದಿಲ್ಲ. ಸ್ಕ್ರೂಡ್ರೈವರನ್ನು ಗಾಡಿಯವನ ಕೈಗೆ ಕೊಟ್ಟು, "ನಿಂಗೇನು ಕೇಳಿಸ್ತದೆ, ಮೊದಲು ನೀನು ಹೇಳು" ಅನ್ನುತ್ತಾರೆ. ಗಿರಾಕಿಗಳು ಮುಜುಗರದಿಂದ ನಗುತ್ತಾರೆ, ನಮಗೇನು ಗೊತ್ತಾಗುತ್ತೆ ಮೇಸ್ತ್ರಿ, ನೀವೇ ಹೇಳಿ ಅನ್ನುತ್ತಾರೆ. ಭಾವ ಹೇಳುವುದಿಲ್ಲ. ಅವರು ಬಾಯಿ ಬಿಡುವವರೆಗೂ ಬೆನ್ನಿಗೆ ಕೈ ಆನಿಸಿಕೊಂಡು, ನೋವು ತಡೆದುಕೊಂಡು, ಪಕ್ಕದಲ್ಲಿ ನಿಂತೇ ಇರುತ್ತಾರೆ.